ಎಳ್ಳು, ಕುಂಕುಮ, ಒಂದು ಹಳೇ ಅಂಗಿ: ಕಂದಕ ಜ್ವರವನ್ನು ಮಕ್ಕಳಿಗೆ ಹೇಳಿದ್ದು

ಮೂರನೇ ಕ್ಲಾಸಿನ ಮಕ್ಕಳಿಗೆ ಟ್ರೆಂಚ್ ಫೀವರ್, ಅಂದರೆ ಮೊದಲ ಮಹಾಯುದ್ಧದ ಕಂದಕ ಜ್ವರದ ಬಗ್ಗೆ ಹೇಳುವಾಗ ಮೊದಲ ಸಲ ದೊಡ್ಡ ತಪ್ಪು ಮಾಡಿದೆ. 'ಹೇನು ಕಚ್ಚಿ ಸೈನಿಕರಿಗೆ ಜ್ವರ ಬಂತು' ಅಂದುಬಿಟ್ಟೆ. ಅವತ್ತು ಮಧ್ಯಾಹ್ನ ಊಟಕ್ಕೆ, ತಲೆಯಲ್ಲಿ ಹೇನಿದ್ದ ಹುಡುಗಿಯೊಬ್ಬಳ ಪಕ್ಕ ಯಾರೂ ಕೂರಲಿಲ್ಲ. ತಟ್ಟೆ ಹಿಡಿದುಕೊಂಡು ಅವಳು ನನ್ನ ಕಡೆ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಈಗ ಶುರು ಮಾಡುವುದೇ ಇಲ್ಲಿಂದ: ತಲೆಯಲ್ಲಿರುವುದು ಹೇನು, ಬಟ್ಟೆಯಲ್ಲಿರುವುದು ಕೂರೆ. ನಮ್ಮ ಅಜ್ಜಿಯರು ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ಸೈನಿಕರಿಗೆ ಜ್ವರ ಹರಡಿದ್ದು ಕೂರೆ. ತಲೆಯಲ್ಲಿ ಹೇನಿದ್ದರೆ ಸೀರಣಿಗೆಯಲ್ಲಿ ಬಾಚಿದರಾಯಿತು.

ಆಮೇಲೆ ಒಂದು ಹಳೇ ಅಂಗಿಯನ್ನು ತಿರುವಿ, ಹೊಲಿಗೆಯ ಸಂದಿಯಲ್ಲಿ ಎಳ್ಳು ತುಂಬುತ್ತೇನೆ. ಕೂರೆ ಹೆಚ್ಚುಕಮ್ಮಿ ಎಳ್ಳಿನಷ್ಟೇ ಇರುತ್ತದೆ. 'ಕೊಡವಿ ನೋಡಿ' ಅಂತ ಮಕ್ಕಳ ಕೈಗೆ ಕೊಟ್ಟರೆ ಒಂದಷ್ಟು ಉದುರುತ್ತದೆ, ಉಳಿದದ್ದು ಅಲ್ಲೇ ಕೂತಿರುತ್ತದೆ. ಇನ್ನು ಕುಂಕುಮ. ಅದು ಕೂರೆಯ ಹಿಕ್ಕೆ ಅಂದುಕೊಳ್ಳಿ ಅಂತ ಮುಂಗೈಗೆ ಚಿಟಿಕೆ ಹಾಕಿ, ಮೆಲ್ಲಗೆ ಕೆರೆದುಕೊಳ್ಳಲು ಹೇಳುತ್ತೇನೆ. ಉಗುರಲ್ಲೆಲ್ಲ ಕೆಂಪು, ಚರ್ಮದ ಗೆರೆಯಲ್ಲೂ ಕೆಂಪು! ರೋಗಾಣು ಇದ್ದದ್ದು ಆ ಹಿಕ್ಕೆಯಲ್ಲಿ, ಕೆರೆದ ಗಾಯದಿಂದ ಒಳಗೆ ಹೋಯಿತು ಅಂತ ಬೇರೆ ವಿವರಿಸಬೇಕಾಗುವುದೇ ಇಲ್ಲ.

ಜ್ವರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸುಮಾರು ಐದು ದಿನಕ್ಕೊಮ್ಮೆ ಮರಳಿ ಬರುತ್ತಿತ್ತು, ಮೊಣಕಾಲ ಕೆಳಗಿನ ಮೂಳೆ ವಿಪರೀತ ನೋಯುತ್ತಿತ್ತು, ಸಾಯುತ್ತಿದ್ದವರು ತೀರಾ ಕಡಿಮೆ. ಈ ಕೊನೆಯದನ್ನು ಮಾತ್ರ ಮರೆಯದೆ ಹೇಳಿ, ಮಕ್ಕಳು ಅದನ್ನೇ ಕಾಯುತ್ತಿರುತ್ತಾರೆ.

'ಅವರು ಯಾಕೆ ಸ್ನಾನ ಮಾಡಲಿಲ್ಲ ಮಿಸ್?' ಅಂತ ಪ್ರತಿ ಸಲ ಒಬ್ಬರಾದರೂ ಕೇಳುತ್ತಾರೆ. ಅವರು ಗಲೀಜು ಜನ ಅಲ್ಲ, ಫ್ರಾನ್ಸ್, ಬೆಲ್ಜಿಯಂನ ಕೆಸರಿನ ಕಂದಕದಲ್ಲಿ ದಿನಗಟ್ಟಲೆ ಅದೇ ಬಟ್ಟೆಯಲ್ಲಿ, ಚಳಿಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗುತ್ತಿದ್ದರು, ಬಿಟ್ಟು ಹೋಗುವ ಹಾಗೂ ಇರಲಿಲ್ಲ ಅನ್ನುತ್ತೇನೆ. ಬಿಡುವು ಸಿಕ್ಕಾಗ ಅಂಗಿ ಬಿಚ್ಚಿ, ಹೊಲಿಗೆಯುದ್ದಕ್ಕೂ ಮೇಣದಬತ್ತಿಯ ಉರಿ ಹಿಡಿದು ಕೂರೆ ಸುಡುತ್ತಿದ್ದರು, ಚಟಪಟ ಸದ್ದು ಬರುತ್ತಿತ್ತು. ಸ್ನಾನ ಮಾಡಿಸಿ, ಬಟ್ಟೆಗೆ ಶಾಖ ಕೊಟ್ಟರೂ ಸಂದಿಯಲ್ಲಿ ಮೊಟ್ಟೆ ಉಳಿದಿದ್ದರೆ ಮೈಯ ಬಿಸಿಗೆ ಮತ್ತೆ ಮರಿಯಾಗುತ್ತಿತ್ತು.

ಹೋದ ಸಲ ಇದನ್ನು ಕೇಳಿದ ಹುಡುಗನೊಬ್ಬ ಏನೂ ಮಾತಾಡದೆ ಆ ಅಂಗಿ ತೆಗೆದುಕೊಂಡು, ಕಿಟಕಿ ಹತ್ತಿರ ಕೂತು, ಬೆಲ್ ಹೊಡೆಯುವವರೆಗೂ ಒಂದೊಂದೇ ಎಳ್ಳು ಹೆಕ್ಕುತ್ತಿದ್ದ.