ಮೂರು ಹೊಲಿಗೆ ಬಿದ್ದ ಮೇಲೆ ಉಳಿ ಮಸೆದದ್ದು

ಹಳೇ ಬಾಗಿಲಿಗೆ ಹೊಸ ಕೀಲು ಕೂರಿಸುತ್ತಿದ್ದೆ. ಉಳಿ ಮರಕ್ಕೆ ಇಳಿಯಲೇ ಇಲ್ಲ. ಸಿಟ್ಟಿನಲ್ಲಿ ಜೋರಾಗಿ ಒತ್ತಿದೆ, ಜಾರಿತು. ಎಡಗೈ ಸರಿಯಾಗಿ ಅದರ ಎದುರಿಗೇ ಇತ್ತು. ಮೂರು ಹೊಲಿಗೆ.

ಮರುದಿನ ನಮ್ಮೂರಿನ ಬಡಗಿ ಆಚಾರ್ರು ಬಂದವರು ಆ ಉಳಿಯ ಬಾಯಿಗೆ ಹೆಬ್ಬೆರಳು ಸವರಿ ನಕ್ಕರು. "ಇದರಲ್ಲಿ ಮರ ಕೆತ್ತುದಾ ಮಾರಾಯ್ರೆ? ಬೆಣ್ಣೆ ಸಹ ತುಂಡಾಗುದಿಲ್ಲ." ನಾನು ಆನ್‌ಲೈನಿನಲ್ಲಿ ತರಿಸಿದ ಆರು ಉಳಿಗಳ ಸೆಟ್ಟು ಅದು. ಹೊಸ ಉಳಿ ಹರಿತವಾಗಿಯೇ ಬರುತ್ತದೆ ಎಂದುಕೊಂಡಿದ್ದೆ. ಆಗಲೇ ಮಸೆದು ಬರುವುದು ತೀರಾ ಅಪರೂಪ.

ಆರರಲ್ಲಿ ನಾನು ಬಳಸುವುದು ಮೂರೇ: 6, 12 ಮತ್ತು 25 ಮಿಲಿಮೀಟರಿನವು. ಆಚಾರ್ರ ಲೆಕ್ಕದಲ್ಲಿ ಎರಡು ಸೂತು, ನಾಲ್ಕು ಸೂತು, ಒಂದಿಂಚು (ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ). ಈಗ ಕೊಳ್ಳುವುದಾದರೆ ಸೆಟ್ಟು ಬೇಡವೇ ಬೇಡ, ಈ ಮೂರನ್ನು ಬಿಡಿಯಾಗಿ ತಗೊಳ್ಳುತ್ತೇನೆ. ಮರದ ಹಿಡಿಯಿದ್ದರೆ ಸುತ್ತಿಗೆಯಲ್ಲಿ ಹೊಡೆಯಬಾರದು, ತಲೆ ಸಿಡಿದು ಹೋಗುತ್ತದೆ. ಹುಣಸೆ ಮರದ ಒಂದು ಕೊಡತಿ ಮಾಡಿಕೊಂಡಿದ್ದೇನೆ. ಚಂದ ಇಲ್ಲ, ಆದರೆ ಕೈಗೆ ಕೂರುತ್ತದೆ.

ಮಸೆಯುವುದಕ್ಕೆ ದುಬಾರಿ ಕಲ್ಲು ಕೊಳ್ಳಲಿಲ್ಲ. ದಪ್ಪ ಗಾಜಿನ ತುಂಡಿನ ಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಅಂಟಿಸಿದೆ: 400, 1000, 2000 ನಂಬರಿನವು, ನಂಬರು ಹೆಚ್ಚಾದಷ್ಟೂ ನಯ. ಎಲ್ಲರೂ ಓರೆಯ, ಅಂದರೆ ಇಳಿಜಾರಾಗಿ ತೆಗೆದ ಮುಖದ, ಕಡೆಯಿಂದ ಶುರು ಮಾಡುತ್ತಾರೆ, ನಾನೂ ಹಾಗೇ ಮಾಡಿದೆ. ತಪ್ಪು. ಮೊದಲು ಬೆನ್ನು, ಅಂದರೆ ಇಳಿಜಾರಿಲ್ಲದ ಹಿಂಬದಿ, ಚಪ್ಪಟೆಯಾಗಬೇಕು. ಪೂರ್ತಿ ಬೇಡ, ಬಾಯಿಯಿಂದ ಎರಡು ಮೂರು ಸೆಂಟಿಮೀಟರ್ ಸಾಕು. ಬಾಯಿ ಅಂದರೆ ಬೆನ್ನೂ ಓರೆಯೂ ಕೂಡುವ ಗೆರೆ ಅಲ್ವಾ? ಒಂದು ಕಡೆ ಹಳ್ಳ ದಿಣ್ಣೆ ಇದ್ದರೆ ಗೆರೆ ನೆಟ್ಟಗಾಗುವುದಾದರೂ ಹೇಗೆ? ಈ ಕೆಲಸಕ್ಕೆ ಒಂದೊಂದು ಉಳಿಗೆ ಒಂದೊಂದು ಸಂಜೆ ಹೋಯಿತು. ಪುಣ್ಯಕ್ಕೆ, ಇದು ಒಂದು ಸಲ ಮಾಡಿದರೆ ಮುಗಿಯಿತು.

ಆಮೇಲೆ ಓರೆ. 25 ಡಿಗ್ರಿಗೆ ತೆಗೆದು, ತುದಿಯಲ್ಲಿ ಮಾತ್ರ 30 ಡಿಗ್ರಿಯ ಸಣ್ಣ ಗೆರೆ ಕೊಡುತ್ತೇನೆ. ಅಳೆಯಲು ಒಂದು ಉಪಾಯ ಇದೆ: ಓರೆಯ ಉದ್ದ ಉಳಿಯ ದಪ್ಪದ ಎರಡು ಪಟ್ಟು ಇದ್ದರೆ ಕೋನ 30 ಡಿಗ್ರಿ, ಅದಕ್ಕಿಂತ ಸ್ವಲ್ಪ ಉದ್ದವಾದರೆ 25ರ ಹತ್ತಿರ. ಬೆನ್ನಿನ ಕಡೆ ಬೆರಳು ಸವರಿದಾಗ ಬಾಯಿಯುದ್ದಕ್ಕೂ ತರಿತರಿಯಾಗಿ ಸಿಕ್ಕಿದರೆ ಓರೆ ತುದಿ ಮುಟ್ಟಿದೆ ಎಂದರ್ಥ. ಆಗ ಮುಂದಿನ ಪೇಪರಿಗೆ ಹೋಗಬಹುದು. ಕೊನೆಗೆ ಹಳೇ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆ ಎಳೆಯುತ್ತೇನೆ. ಮುಂದಕ್ಕೆ ತಳ್ಳಿದರೆ ಬೆಲ್ಟು ಹೋಯಿತು!

ಒಮ್ಮೆ ಬೇಗ ಮುಗಿಯಲಿ ಎಂದು ಗ್ರೈಂಡರಿಗೆ ಹಿಡಿದೆ. ತುದಿ ನೀಲಿಯಾಯಿತು, ಹದ ಹೋಯಿತು. ಆ ನೀಲಿ ಭಾಗ ಪೂರ್ತಿ ಸವೆಸುವವರೆಗೆ ಎಷ್ಟು ಮಸೆದರೂ ನಾಲ್ಕು ಏಟಿಗೆ ಮೊಂಡಾಗುತ್ತಿತ್ತು.

ಹರಿತ ಬಂದಿದೆಯೇ ಎಂದು ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆಯ ಕೊನೆಯಲ್ಲಿ, ಎಳೆಗೆ ಅಡ್ಡ ಕೆತ್ತಿ ನೋಡುತ್ತೇನೆ. ಮರ ಪುಡಿಯಾದರೆ ಇನ್ನೂ ಮಸೆಯಬೇಕು. ನಯವಾದ ತೆಳು ಸಿಪ್ಪೆ ಬಂದರೆ ಸರಿ.

ಅದೇ ಬಾಗಿಲಿಗೆ ಮತ್ತೆ ಹೋದೆ. ಕೀಲಿನ ಸುತ್ತ ಚಾಕುವಿನಲ್ಲಿ ಗೆರೆ ಎಳೆದೆ. ಮೊದಲ ಏಟು ಗೆರೆಯ ಮೇಲಲ್ಲ, ಒಂದು ಮಿಲಿಮೀಟರ್ ಒಳಗೆ. ಓರೆ ಬೆಣೆಯ ಹಾಗೆ ಕೆಲಸ ಮಾಡಿ ಉಳಿಯನ್ನು ಹಿಂದಕ್ಕೆ ತಳ್ಳುತ್ತದೆ. ನೇರ ಗೆರೆಗೇ ಹೊಡೆದರೆ ಅದು ಗೆರೆ ದಾಟಿ ಬಿಡುತ್ತದೆ. ನಡುವಿನ ಮರ ತೆಗೆದ ಮೇಲೆ ಗೆರೆಯಲ್ಲಿ ಉಳಿ ಕೂರಿಸಿ ಮೆಲ್ಲಗೆ ಒಂದು ತಟ್ಟು. ಮರಕ್ಕೆ ಕ್ಲ್ಯಾಂಪ್ ಹಾಕಿದ್ದೆ, ಎರಡೂ ಕೈ ಉಳಿಯ ಬಾಯಿಯ ಹಿಂದೆ. ಹದಿನೈದು ನಿಮಿಷದಲ್ಲಿ ಕೀಲು ಕೂತಿತು.

ತೇಗದ ಬಾಗಿಲಾದರೆ ನಡುನಡುವೆ ಬೆಲ್ಟಿಗೆ ಎಳೆಯಲೇಬೇಕು. ತೇಗದಲ್ಲಿ ಸಿಲಿಕಾ ಇದೆ, ಮರಳಲ್ಲಿರುವುದೇ, ಅದು ಬಾಯಿಯನ್ನು ಬೇಗ ತಿನ್ನುತ್ತದೆ. ಹಲಸು ಇಷ್ಟು ಕಾಡಿಸುವುದಿಲ್ಲ. ಇನ್ನು ಮಳೆಗಾಲದಲ್ಲಿ ತುಕ್ಕಿನದೇ ಕಾಟ. ಮೊದಲ ವರ್ಷ ತೆಂಗಿನೆಣ್ಣೆ ಸವರಿದ್ದೆ, ಕೆಲವು ತಿಂಗಳಲ್ಲಿ ಅಂಟಂಟಾಗಿ ಧೂಳು ಮೆತ್ತಿಕೊಂಡಿತು. ಈಗ ಹೊಲಿಗೆ ಮೆಷಿನ್ನಿನ ಎಣ್ಣೆಯೇ, ಹೆಂಡತಿಯ ಡಬ್ಬಿಯಿಂದ.