ಟಿ-ಬಾರ್ ಲಿಫ್ಟ್‌ನಲ್ಲಿ ಕೂರಬೇಡಿ, ನಿಂತೇ ಇರಿ
ಸ್ಕೀ (ಹಿಮದಲ್ಲಿ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಹಲಗೆ) ತೊಟ್ಟವರನ್ನು ಹಿಮದ ಇಳಿಜಾರಿನಲ್ಲಿ ಮೇಲಕ್ಕೆ ಎಳೆಯುವ ಟಿ-ಬಾರ್ (ಇಬ್ಬರ ಹಿಂದೆ ಒತ್ತುವ, ತಲೆಕೆಳಗಾದ T ಆಕಾರದ ಅಡ್ಡಪಟ್ಟಿ) ಅಥವಾ ಬಟನ್ (ಒಬ್ಬರೇ ಕಾಲುಗಳ ನಡುವೆ ಇಟ್ಟುಕೊಳ್ಳುವ ದುಂಡು ತಟ್ಟೆ) ಲಿಫ್ಟ್‌ನಲ್ಲಿ ಮೊದಲ ಬಾರಿಗೆ ಮೇಲೇರುವವರು ಅದರ ಮೇಲೆ ಕುಳಿತುಕೊಳ್ಳದೆ, ಮಂಡಿಗಳನ್ನು ತುಸು ಬಾಗಿಸಿ, ಎರಡೂ ಸ್ಕೀಗಳನ್ನು ಹಿಮದ ಜಾಡಿನಲ್ಲಿ ನೇರವಾಗಿಟ್ಟು ನಿಂತೇ ಇರಬೇಕು. ಈ ಲಿಫ್ಟ್ ನಮ್ಮನ್ನು ಹೊರುವುದಿಲ್ಲ, ಎಳೆಯುತ್ತದೆ ಅಷ್ಟೆ. ಟಿ-ಬಾರ್‌ನ ಹಗ್ಗವು ಮೇಲೆ ಸ್ಪ್ರಿಂಗ್ ಇರುವ ರಾಟೆಗೆ ಸುತ್ತಿಕೊಂಡಿರುವುದರಿಂದ, ಮೈಭಾರ ಬಿಟ್ಟ ಕೂಡಲೇ ಅದು ಸರ್ರನೆ ಬಿಚ್ಚಿಕೊಂಡು ಕುಳಿತವರನ್ನು ಹಿಮಕ್ಕೆ ಇಳಿಸಿಬಿಡುತ್ತದೆ. (ನೋಡಲು ಆಸನದಂತಿರುವುದೇ ಈ ಎಡವಟ್ಟಿಗೆ ಕಾರಣ.) ಆದರೆ ಜೊತೆಯಲ್ಲಿ ಏರುವ ಇಬ್ಬರ ಎತ್ತರದಲ್ಲಿ ಬಹಳ ಅಂತರವಿದ್ದರೆ, ಅಡ್ಡಪಟ್ಟಿಯು ಒಬ್ಬರ ತೊಡೆಯ ಹಿಂಭಾಗಕ್ಕೂ ಇನ್ನೊಬ್ಬರ ಬೆನ್ನಿಗೂ ಒತ್ತುವುದರಿಂದ ಸರಿಯಾಗಿ ನಿಂತರೂ ಸಮತೋಲ ತಪ್ಪುತ್ತದೆ, ಅಂಥವರು ಒಬ್ಬೊಬ್ಬರಾಗಿ ಏರುವುದು ಲೇಸು. ಬಿದ್ದರೆ ಪಟ್ಟಿಯನ್ನು ತಕ್ಷಣ ಬಿಟ್ಟು, ಹಿಂದಿನವರು ತಲುಪುವ ಮೊದಲೇ ಜಾಡಿನಿಂದ ಪಕ್ಕಕ್ಕೆ ಸರಿಯಿರಿ.