ಪುಷ್‌ಅಪ್ ಮಾಡುವ ಮೊದಲು ಇಳಿಯಲು ಕಲಿಯಿರಿ

ವ್ಯಾಯಾಮ ಶುರು ಮಾಡಿದ ಹುಡುಗ ಹುಡುಗಿಯರು ಹೆಚ್ಚಾಗಿ ಎಡವುವುದು ಪುಷ್‌ಅಪ್‌ನಲ್ಲಿ. ಐವತ್ತು ಹೊಡೆದೆ ಎನ್ನುತ್ತಾರೆ. ನೋಡಿದರೆ ಎದೆ ಅರ್ಧದಷ್ಟೂ ಇಳಿದಿರುವುದಿಲ್ಲ, ತಲೆ ಮಾತ್ರ ಮೇಲೆ ಕೆಳಗೆ ಆಡಿರುತ್ತದೆ. ಸ್ವಲ್ಪ ದಿನಕ್ಕೆ ಭುಜ ಹಿಡಿದುಕೊಂಡು ವ್ಯಾಯಾಮವನ್ನೇ ಬಿಡುತ್ತಾರೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗೆ ಬಲ ಕೊಡುವ ಚಟುವಟಿಕೆ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಹೀಗೆ ಕೈಬಿಡುವುದು ದೊಡ್ಡ ನಷ್ಟ.

1. ಐದು ನಿಮಿಷ ಚುರುಕಾಗಿ ನಡೆದು, ತೋಳು ಮಣಿಕಟ್ಟು ತಿರುಗಿಸಿ ಮೈ ಬಿಸಿ ಮಾಡಿಕೊಳ್ಳಿ.

2. ನೆಲಕ್ಕೆ ಆಮೇಲೆ ಬನ್ನಿ. ಮೊದಲು ಗೋಡೆ, ನಂತರ ಅಲುಗಾಡದ ಮೇಜಿನ ಅಂಚು. ಕೈ ಎತ್ತರದಲ್ಲಿದ್ದಷ್ಟೂ ತೋಳಿನ ಮೇಲೆ ಭಾರ ಕಡಿಮೆ. ನೆಲದಲ್ಲಾದರೆ ದೇಹತೂಕದ ಸುಮಾರು ಮೂರನೇ ಎರಡು ಪಾಲನ್ನು ಕೈಗಳೇ ಹೊರಬೇಕು. ಮೇಜಿನಲ್ಲಿ ಹತ್ತು ಚೆನ್ನಾಗಿ ಬರುವವರೆಗೆ ಅಲ್ಲೇ ಇರಿ. ಇದರಲ್ಲಿ ನಾಚಿಕೆ ಬೇಡ.

3. ಅಂಗೈ ಭುಜಕ್ಕಿಂತ ತುಸು ಅಗಲಕ್ಕೆ, ಬೆರಳು ಬಿಡಿಸಿ ಇಡಿ.

4. ಈಗ ಇಳಿಯುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಮೊದಲು ಹೊಟ್ಟೆ ಬಿಗಿ ಮಾಡಿ, ಪೃಷ್ಠವನ್ನೂ ಬಿಗಿ ಹಿಡಿಯಿರಿ. ಹಿಡಿಯದಿದ್ದರೆ ಸೊಂಟ ಜೋಕಾಲಿಯಂತೆ ಜೋತುಬಿದ್ದು ಬೆನ್ನಿನ ಕೆಳಭಾಗ ನೋಯುತ್ತದೆ. ಕತ್ತು ಎತ್ತಬೇಡಿ, ದೃಷ್ಟಿ ಕೈಗಳಿಂದ ಸ್ವಲ್ಪ ಮುಂದಕ್ಕೆ ನೆಲದ ಮೇಲಿರಲಿ. ಉಸಿರು ಒಳಗೆಳೆದುಕೊಳ್ಳುತ್ತಾ, ಮನಸ್ಸಿನಲ್ಲಿ ಮೂರು ಎಣಿಸುತ್ತಾ ನಿಧಾನವಾಗಿ ಇಳಿಯಿರಿ. ಮೊಣಕೈ ಎರಡೂ ಕಡೆ ನೇರ ಚಾಚಿಕೊಂಡರೆ ಭುಜದ ಕೀಲಿಗೆ ಪೆಟ್ಟು. ಪಕ್ಕೆಯಿಂದ ಸುಮಾರು 45 ಡಿಗ್ರಿ ಓರೆಯಾಗಿ ಹಿಂದಕ್ಕೆ ಹೋಗಬೇಕು. ಎದೆ ನೆಲಕ್ಕೆ ತಾಗಲು ಒಂದು ಮುಷ್ಟಿ ಉಳಿದಾಗ ಅರೆಕ್ಷಣ ನಿಲ್ಲಿ. ಅಲ್ಲಿ ನಿಲ್ಲಲು ಆಗದೆ ದೊಪ್ಪನೆ ಬಿದ್ದರೆ ಮತ್ತೆ ಮೇಜಿಗೆ ಹೋಗಿ. ಪಕ್ಕದಿಂದ ಯಾರಾದರೂ ಮೊಬೈಲಿನಲ್ಲಿ ವಿಡಿಯೊ ತೆಗೆಯಲಿ, ಸೊಂಟ ಎಲ್ಲಿದೆ ಎಂದು ನಿಮಗೇ ಕಾಣುತ್ತದೆ.

5. ಉಸಿರು ಬಿಡುತ್ತಾ ಏಳಿ. ಎದೆ, ಸೊಂಟ ಒಟ್ಟಿಗೇ ಮೇಲೆ ಬರಲಿ.

6. ಎಂಟು, ಹತ್ತರಂತೆ ಮೂರು ಸುತ್ತು ಸಾಕು. ಭಂಗಿ ಕೆಟ್ಟ ತಕ್ಷಣ ಎಣಿಕೆ ನಿಲ್ಲಿಸಿ. ಒಂದು ದಿನ ಬಿಟ್ಟು ಒಂದು ದಿನ ಮಾಡಿ.

ಇದಕ್ಕೆ ಪ್ರೋಟೀನ್ ಪುಡಿ ಬೇಕಿಲ್ಲ, ಊಟ ಸರಿಯಿದ್ದರೆ ಆಯಿತು. ‘ಮೂವತ್ತು ದಿನದಲ್ಲಿ ಹುರಿಗಟ್ಟಿದ ಎದೆ’ ಎಂಬ ಚಾಲೆಂಜ್‌ಗಳನ್ನು ಖಂಡಿತ ನಂಬಬೇಡಿ. ಬಲದ ವ್ಯಾಯಾಮದಿಂದ ಎತ್ತರ ನಿಂತುಹೋಗುತ್ತದೆ ಎಂದು ಹೆದರುವ ಅಪ್ಪ ಅಮ್ಮಂದಿರೇ, ಸರಿಯಾಗಿ ಹೇಳಿಕೊಟ್ಟು ಮಾಡಿಸಿದರೆ ಬೆಳವಣಿಗೆಗೆ ತೊಂದರೆಯಿಲ್ಲ. ಮರುದಿನ ಸ್ನಾಯು ಸ್ವಲ್ಪ ನೋಯುವುದು ಸಹಜ. ಕೀಲಿನಲ್ಲಿ ಚುಚ್ಚಿದಂತೆ ನೋವು ಬಂದರೆ ಅಂದಿಗೆ ನಿಲ್ಲಿಸಿ, ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ.